ಬಿಸಿಲಿಗೆ ಕಾಸಿಲ್ಲ, ಲೆಕ್ಕ ಮಾತ್ರ ಬೇಕು



ಡ್ರೋನ್ ನೋಡಿದ್ದೀರಾ? ನೋಡಿರುತ್ತೀರಿ. ಮದುವೆ ಮನೆಯ ಚಪ್ಪರದ ಮೇಲೆ ಗುಂಯ್ ಅಂತ ಸುತ್ತುತ್ತೆ. ಜಾತ್ರೆಯಲ್ಲಿ ತೇರಿನ ಮೇಲೆ ಹಾರುತ್ತೆ. ಮೇಲಿನಿಂದ ಫೋಟೊ ತೆಗೆಯುತ್ತೆ. ಈಗ ಅದು ಹೊಲಕ್ಕೂ ಬಂದಿದೆ. ರಾಗಿ ಹೊಲ, ತೊಗರಿ ಹೊಲದ ಮೇಲೆ ಹಾರುತ್ತಾ ಔಷಧಿ ಸಿಂಪಡಿಸುತ್ತೆ. ಬೆನ್ನಿಗೆ ಡಬ್ಬ ಕಟ್ಟಿಕೊಂಡು ಸಾಲು ಸಾಲು ತಿರುಗುವ ಕಷ್ಟ ತಪ್ಪುತ್ತೆ.

ಡ್ರೋನ್ ಹಾರಲು ಎಣ್ಣೆ ಬೇಡ, ಬ್ಯಾಟರಿ ಬೇಕು. ಬ್ಯಾಟರಿ ಮುಗಿದರೆ ಡ್ರೋನ್ ಕೆಳಗೆ ಇಳಿಯಲೇಬೇಕು. ಮತ್ತೆ ಚಾರ್ಜ್ ಮಾಡಬೇಕು. ಮನೆಯಲ್ಲಾದರೆ ಸರಿ, ಗೋಡೆಯಲ್ಲಿ ಪ್ಲಗ್ ಇದೆ. ಹೊಲದ ನಡುವೆ ಪ್ಲಗ್ ಎಲ್ಲಿ? ಪಂಪ್‌ಸೆಟ್ಟಿನ ಲೈನು ಇದ್ದರೂ ಅದರಲ್ಲಿ ಕರೆಂಟ್ ಸರದಿ ಪ್ರಕಾರ ಬರುತ್ತೆ. ನಮಗೆ ಬೇಕಾದಾಗ ಇರುವುದಿಲ್ಲ.

ಆದರೆ ಬಿಸಿಲು ಇದೆ. ತಲೆ ಸುಡುವಷ್ಟು ಇದೆ. "ಆ ಬಿಸಿಲಿನಿಂದಲೇ ಡ್ರೋನ್ ಬ್ಯಾಟರಿ ಚಾರ್ಜ್ ಮಾಡಬಹುದಾ?" ಗುಬ್ಬಿ ತಾಲ್ಲೂಕಿನ ಒಂದು ಮಹಿಳಾ ಸಂಘದ ಅಕ್ಕಂದಿರು ನಮ್ಮನ್ನು ಹೀಗೆ ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕಿದ ಬಗೆಯನ್ನು ನಿಮಗೆ ಹೇಳುತ್ತೇವೆ.

ಜಗಲಿಯ ಮೇಲಿನ ಮಾತು

ನಾವು ಹಗಲು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇವೆ. ಸಂಜೆ ಕಲಿಕಾ ಕೇಂದ್ರದಲ್ಲಿ ದೊಡ್ಡವರ ಜೊತೆ ಕೂರುತ್ತೇವೆ. ಒಂದು ದಿನ ಸಂಜೆ ಹೋದಾಗ ಜಗಲಿ ತುಂಬಿತ್ತು. ಪುಸ್ತಕ ಯಾರ ಕೈಯಲ್ಲೂ ಇರಲಿಲ್ಲ. ನಡುವೆ ಒಂದು ಮಡಚುವ ಸೋಲಾರ್ ಪ್ಯಾನೆಲ್ ಹಾಸಿತ್ತು. ಪಕ್ಕದಲ್ಲಿ ಹಿಡಿ ಇರುವ ಒಂದು ಪೆಟ್ಟಿಗೆ. ಮಾರಲು ಬಂದವನು ಸಂಘದವರಿಗೆ ವಿವರಿಸುತ್ತಿದ್ದ.

"ಅಕ್ಕಾ, ಇದನ್ನ ಹೊಲದಾಗೆ ಹಾಸಿಬಿಡಿ. ಬಿಸ್ಲು ಪುಕ್ಕಟೆ. ದಿನವೆಲ್ಲ ಡ್ರೋನ್ ಹಾರಿಸ್ಕೊಳ್ಳಿ. ಪೆಟ್ರೋಲಿನ ಮಾತೇ ಇಲ್ಲ."

ಎರಡೂ ಸೇರಿ ಬೆಲೆ 35,000 ರೂಪಾಯಿ. ಅರ್ಧ ಈಗ, ಉಳಿದದ್ದು ಕಂತಿನಲ್ಲಿ. ಸಂಘದ ಕೈಯಲ್ಲಿ ಇದ್ದದ್ದೇ ಅಷ್ಟು ಉಳಿತಾಯ. ವಾರ ವಾರ ಹತ್ತು ಇಪ್ಪತ್ತು ಹಾಕಿ ಕೂಡಿಸಿದ ದುಡ್ಡು. ಅದರ ಮೇಲೆ ಡ್ರೋನಿನ ಸಾಲದ ಕಂತು ಬೇರೆ ಕಟ್ಟಬೇಕು.

ಸಹಿ ಹಾಕುವ ಕಾಗದ ಮುಂದೆ ಬಂತು. ಸಂಘದಲ್ಲಿ ಒಬ್ಬ ಹಿರಿಯ ಅಕ್ಕ ಇದ್ದಾರೆ. ಹೋದ ವರ್ಷದವರೆಗೂ ಹೆಬ್ಬೆಟ್ಟು ಒತ್ತುತ್ತಿದ್ದವರು. ಈ ವರ್ಷ ಸಹಿ ಕಲಿತಿದ್ದಾರೆ. ಪೆನ್ನು ಅವರ ಕೈಗೇ ಮೊದಲು ಬಂತು. ಅವರು ಪೆನ್ನನ್ನು ಕೆಳಗಿಟ್ಟರು.

"ಮೇಷ್ಟ್ರೇ, ಸೈನ್ ಹಾಕಾಕೆ ಈಗ ಬತ್ತದೆ. ಆದ್ರೆ ಹಾಕೋಕೆ ಮುಂಚೆ ಓದ್ಬೇಕು ಅಂತ ನೀವೇ ಹೇಳಿದ್ರಲ್ಲ. ಈ ಪೆಟ್ಟಿಗೆ ಮೇಲೆ ಏನೋ ಬರ್ದವ್ರೆ. ಅದೇನು ಅಂತ ಮೊದಲು ಓದಾನ."

ಮಾರುವವನಿಗೆ ಭಾನುವಾರ ಬನ್ನಿ ಎಂದು ಹೇಳಿ ಕಳಿಸಿದೆವು. ಪ್ಯಾನೆಲ್ಲಿನ ಮೇಲೆ, ಪೆಟ್ಟಿಗೆಯ ಮೇಲೆ ಇದ್ದ ಅಂಕಿಗಳನ್ನು ಸ್ಲೇಟಿನಲ್ಲಿ ಬರೆದುಕೊಂಡೆವು. ಆ ವಾರದ ಪಾಠ ಅದೇ ಆಯಿತು.

ಡ್ರೋನ್ ಹಳ್ಳಿಗೆ ಬಂದ ಬಗೆ

ಮೊದಲು ಡ್ರೋನಿನ ವಿಷಯ ಸ್ವಲ್ಪ ತಿಳಿಯೋಣ.

2020ರ ಏಪ್ರಿಲ್ 24ರಂದು ಸ್ವಾಮಿತ್ವ ಎಂಬ ಯೋಜನೆ ಶುರುವಾಯಿತು. ಹಳ್ಳಿಯ ಮನೆ, ಹಿತ್ತಲುಗಳನ್ನು ಡ್ರೋನಿನಿಂದ ಅಳತೆ ಮಾಡಿ, ಮನೆಯವರಿಗೆ ಹಕ್ಕಿನ ಪತ್ರ ಕೊಡುವುದು ಅದರ ಉದ್ದೇಶ. ಮೊದಲ ಹಂತದಲ್ಲೇ ನಮ್ಮ ಕರ್ನಾಟಕವೂ ಅದರಲ್ಲಿತ್ತು.

2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ನಮೋ ಡ್ರೋನ್ ದೀದಿ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವುದು ಅದರ ಗುರಿ. ಬೆಲೆಯಲ್ಲಿ ನೂರಕ್ಕೆ 80 ಪಾಲು, ಹೆಚ್ಚೆಂದರೆ 8 ಲಕ್ಷ ರೂಪಾಯಿ, ಸರ್ಕಾರದ ಸಹಾಯ. ಉಳಿದದ್ದಕ್ಕೆ ಸಂಘ ಸಾಲ ತೆಗೆದುಕೊಳ್ಳಬಹುದು. ಒಬ್ಬ ಸದಸ್ಯೆಗೆ 15 ದಿನದ ತರಬೇತಿ. ಡ್ರೋನಿನ ಜೊತೆ ಬರುವ ಬ್ಯಾಟರಿ ಅಲ್ಲದೆ ಇನ್ನೂ ನಾಲ್ಕು ಸೆಟ್ ಬ್ಯಾಟರಿ. ಇಷ್ಟು ಬ್ಯಾಟರಿ ಇದ್ದರೆ ದಿನಕ್ಕೆ 20 ಎಕರೆವರೆಗೂ ಸಿಂಪಡಿಸಬಹುದು ಎಂದು ಯೋಜನೆಯಲ್ಲಿ ಹೇಳಿತ್ತು.

ನಾಲ್ಕು ಸೆಟ್ ಹೆಚ್ಚಿಗೆ ಏಕೆ? ಸಿಂಪಡಿಸುವ ಡ್ರೋನ್ ಹತ್ತು ಲೀಟರ್ ಔಷಧಿ ಹೊತ್ತು ಹಾರಬೇಕು. ಭಾರ ಹೆಚ್ಚಾದಷ್ಟೂ ಬ್ಯಾಟರಿ ಬೇಗ ಖಾಲಿಯಾಗುತ್ತೆ. ಒಂದು ಸೆಟ್ಟಿನಲ್ಲಿ ಒಂದು ಎಕರೆ, ಹೆಚ್ಚೆಂದರೆ ಎರಡು ಎಕರೆ. ಆಮೇಲೆ ಬ್ಯಾಟರಿ ಬದಲಿಸಬೇಕು. ಒಂದು ಹಾರುವಾಗ ಇನ್ನೊಂದು ಚಾರ್ಜ್ ಆಗುತ್ತಿರಬೇಕು.

ಹಾಗಾದರೆ ಒಂದು ಬ್ಯಾಟರಿ ತುಂಬಲು ಎಷ್ಟು ಕರೆಂಟ್ ಬೇಕು? ಇದೇ ಮುಖ್ಯ ಪ್ರಶ್ನೆ.

ಬ್ಯಾಟರಿಯ ಚೀಟಿ ಓದೋಣ

ಸಂಘದ ಡ್ರೋನ್ ಹಾರಿಸುವ ತಂಗಿ ತಮ್ಮ ಬ್ಯಾಟರಿಯನ್ನು ತಂದು ಜಗಲಿಯ ಮೇಲಿಟ್ಟರು. ಅದರ ಮೇಲೆ ಒಂದು ಚೀಟಿ ಅಂಟಿಸಿತ್ತು. ಎರಡು ಅಂಕಿ ಎದ್ದು ಕಾಣುತ್ತಿದ್ದವು.

ಒಂದು, 44.4 ವೋಲ್ಟ್.
ಇನ್ನೊಂದು, 22,000 ಮಿಲಿ ಆಂಪಿಯರ್ ಅವರ್.

ಹೆಸರು ಉದ್ದ ಇದೆ ಎಂದು ಹೆದರಬೇಡಿ. ನೀರಿನ ಲೆಕ್ಕದಲ್ಲಿ ನೋಡಿ. ಓವರ್‌ಹೆಡ್ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ ನಲ್ಲಿಯ ನೀರಿನ ರಭಸ ಇರುತ್ತೆ. ವೋಲ್ಟ್ ಅಂದರೆ ಆ ರಭಸ ಇದ್ದ ಹಾಗೆ. ಟ್ಯಾಂಕಿನಲ್ಲಿ ಎಷ್ಟು ನೀರು ಹಿಡಿಯುತ್ತೆ? ಆಂಪಿಯರ್ ಅವರ್ ಅಂದರೆ ಆ ಅಳತೆ ಇದ್ದ ಹಾಗೆ.

ಮಿಲಿ ಎಂದು ಬರೆದಿದ್ದರೆ ಹಿಂದಿನ ಮೂರು ಸೊನ್ನೆ ತೆಗೆಯಿರಿ. 22,000 ಮಿಲಿ ಅಂದರೆ 22. ಈಗ ಎರಡನ್ನೂ ಗುಣಿಸಿ. ಚುಕ್ಕೆಯ ನಂತರದ ಅಂಕಿ ಬಿಟ್ಟುಬಿಡೋಣ.

44 × 22 = 968

ಇದು 968 ವ್ಯಾಟ್ ಅವರ್. ಹತ್ತಿರ ಹತ್ತಿರ 1,000 ಅನ್ನಿ.

1,000 ವ್ಯಾಟ್ ಅವರ್ ಅಂದರೆ ಏನು ಗೊತ್ತಾ? ಅದೇ ಒಂದು ಯೂನಿಟ್! ನಿಮ್ಮ ಮನೆಗೆ ಬರುವ ಕರೆಂಟ್ ಬಿಲ್ಲಿನಲ್ಲಿ ಇರುವ ಅದೇ ಯೂನಿಟ್. ಅಂದರೆ ಸಿಂಪಡಿಸುವ ಡ್ರೋನಿನ ಇಂಥ ಒಂದು ಬ್ಯಾಟರಿ ತುಂಬಲು ಹೆಚ್ಚು ಕಡಿಮೆ ಒಂದು ಯೂನಿಟ್ ಕರೆಂಟ್ ಬೇಕು. ಇದು ಗೊತ್ತಾದಾಗ ಜಗಲಿಯಲ್ಲಿ ಎಲ್ಲರೂ ನಕ್ಕರು. "ಅಯ್ಯೋ, ಇದು ನಮ್ಗೆ ಗೊತ್ತಿರೋ ಲೆಕ್ಕವೇ!"

ಪ್ಯಾನೆಲ್ ಎಷ್ಟು ಕೊಡುತ್ತೆ?

ಇನ್ನು ಪ್ಯಾನೆಲ್ಲಿನ ಕಡೆ ಬರೋಣ.

ಸೋಲಾರ್ ಪ್ಯಾನೆಲ್ ನಮ್ಮ ಜಿಲ್ಲೆಗೆ ಹೊಸದಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ವಳ್ಳೂರು ಮುಂತಾದ ಊರುಗಳಲ್ಲಿ ಸುಮಾರು 13,000 ಎಕರೆಯಲ್ಲಿ ಪ್ಯಾನೆಲ್ ಹಾಸಿದ್ದಾರೆ. ರೈತರು ಜಮೀನನ್ನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. 2018ರ ಮಾರ್ಚ್ 1ರಂದು ಮೊದಲ ಹಂತ ಉದ್ಘಾಟನೆ ಆಯಿತು. ಅಲ್ಲಿಯ ಪೂರ್ತಿ ಸಾಮರ್ಥ್ಯ 2,050 ಮೆಗಾವ್ಯಾಟ್. ಪಾವಗಡದ ಪ್ಯಾನೆಲ್ಲೂ ಒಂದೇ, ಜಗಲಿಯ ಮೇಲೆ ಹಾಸಿದ್ದ ಪ್ಯಾನೆಲ್ಲೂ ಒಂದೇ. ಮಾಡುವ ಕೆಲಸ ಒಂದೇ. ಗಾತ್ರ ಮಾತ್ರ ಬೇರೆ.

ಪ್ಯಾನೆಲ್ಲಿನಲ್ಲಿ ಸಿಲಿಕಾನ್ ಎಂಬ ವಸ್ತುವಿನ ತೆಳು ಬಿಲ್ಲೆಗಳಿವೆ. ಮರಳಿನಲ್ಲಿ ಇರುವ ವಸ್ತು ಅದು. ಅದರ ಮೇಲೆ ಬೆಳಕು ಬಿದ್ದರೆ ವಿದ್ಯುತ್ ಹರಿಯುತ್ತೆ. ಇಂಥ ಬಿಲ್ಲೆಯನ್ನು 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಮೊದಲು ಮಾಡಿ ತೋರಿಸಿದರು.

ಒಂದು ಮಾತು ಗಮನಿಸಿ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಶಾಖ ಅಲ್ಲ. ಶಾಖ ಹೆಚ್ಚಾದರೆ ಕರೆಂಟ್ ಕಡಿಮೆಯೇ ಆಗುತ್ತೆ. ಅದಕ್ಕೇ 100 ವ್ಯಾಟ್ ಎಂದು ಬರೆದ ಪ್ಯಾನೆಲ್, ನಮ್ಮ ಬಿಸಿಲಿನಲ್ಲಿ, ಧೂಳಿನಲ್ಲಿ 70 ವ್ಯಾಟ್ ಕೊಟ್ಟರೆ ಸಾಕು ಅಂದುಕೊಳ್ಳಬೇಕು.

ಇನ್ನೊಂದು ಮಾತು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಬೆಳಕಿದ್ದರೂ, ಅಷ್ಟೂ ಹೊತ್ತು ಒಂದೇ ಸಮ ಕರೆಂಟ್ ಬರುವುದಿಲ್ಲ. ಎಳೆ ಬಿಸಿಲು, ಇಳಿ ಬಿಸಿಲು ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 5 ಗಂಟೆಯ ಪೂರ್ತಿ ಬಿಸಿಲು ಸಿಕ್ಕ ಹಾಗೆ.

70 × 5 = 350

ಅಂದರೆ 100 ವ್ಯಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ 350 ವ್ಯಾಟ್ ಅವರ್ ಕೊಡುತ್ತೆ. ಇದು ಪೆಟ್ಟಿಗೆಗೆ ಹೋಗಿ, ಪೆಟ್ಟಿಗೆಯಿಂದ ಚಾರ್ಜರಿಗೆ ಬಂದು, ಅಲ್ಲಿಂದ ಬ್ಯಾಟರಿ ಸೇರಬೇಕು. ಕಾಲುವೆಯಲ್ಲಿ ನೀರು ಹರಿಯುವಾಗ ಅಲ್ಲಲ್ಲಿ ಇಂಗುವುದಿಲ್ಲವೇ? ಹಾಗೆಯೇ ಇಲ್ಲೂ ಐದರಲ್ಲಿ ಒಂದು ಪಾಲು ಸೋರಿ ಹೋಗುತ್ತೆ. ಕೊನೆಗೆ ಬ್ಯಾಟರಿಗೆ ಸೇರುವುದು ಸುಮಾರು 280.

ಈಗ ಭಾಗಿಸೋಣ

ಬ್ಯಾಟರಿಗೆ ಬೇಕು 968. ದಿನಕ್ಕೆ ಸಿಗುವುದು 280. ಭಾಗಿಸಿದರೆ ಎಷ್ಟು? ಹಿರಿಯ ಅಕ್ಕನೇ ಸ್ಲೇಟಿನಲ್ಲಿ ಕಳೆಯುತ್ತಾ ಹೋದರು. ಒಂದು ಸಲ 280, ಎರಡು ಸಲ 560, ಮೂರು ಸಲ 840. ಇನ್ನೂ 128 ಉಳಿಯಿತು.

"ಮೂರೂವರೆ ದಿನ ಬೇಕು ಮೇಷ್ಟ್ರೇ! ಒಂದು ಬ್ಯಾಟರಿಗೆ ಮೂರೂವರೆ ದಿನ! ಎಕರೆಗೆ ಮೂರೂವರೆ ದಿನ ಕಾಯ್ಕೊಂಡು ಕೂತ್ರೆ ಹುಳ ಬೆಳೆ ತಿಂದು ಮುಗಿಸ್ತದೆ."

ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು. ಕಾಲು ಭಾಗ ಉಳಿದಿರುವಾಗಲೇ ಡ್ರೋನನ್ನು ಇಳಿಸಬೇಕು. ಹಾಗೆ ಇಳಿಸಿದರೂ ತುಂಬಲು ಎರಡೂವರೆ ದಿನ ಹಿಡಿಯುತ್ತೆ.

ದಿನಕ್ಕೆ ಹತ್ತು ಸಲ ಬ್ಯಾಟರಿ ತುಂಬಬೇಕು ಅನ್ನಿ. ಅಂದರೆ 10 ಯೂನಿಟ್. ಅದಕ್ಕೆ 100 ವ್ಯಾಟಿನ ಪ್ಯಾನೆಲ್ ಎಷ್ಟು ಬೇಕು? 10,000ವನ್ನು 280ರಿಂದ ಭಾಗಿಸಿ. 36 ಪ್ಯಾನೆಲ್! ಅವನ್ನು ಹೊರಲು ಗಾಡಿ ಬೇಕು. ಹಾಸಲು ಒಂದು ಸಣ್ಣ ಕಣದಷ್ಟು ಜಾಗ ಬೇಕು.

ಪೆಟ್ಟಿಗೆಯ ಮೇಲೂ ಎರಡು ಅಂಕಿ ಇದ್ದವು. ಒಳಗೆ ಹಿಡಿಯುವುದು 500 ವ್ಯಾಟ್ ಅವರ್. ಅಂದರೆ ಅರ್ಧ ಯೂನಿಟ್. ಪೂರ್ತಿ ತುಂಬಿದ್ದರೂ ಒಂದು ಬ್ಯಾಟರಿಯ ಅರ್ಧಕ್ಕೂ ಸಾಲದು. ಇನ್ನು ಒಂದು ಸಲಕ್ಕೆ ಅದು ಹೊರಗೆ ಬಿಡುವುದು 500 ವ್ಯಾಟ್. ಸಂಘದ ಡ್ರೋನ್ ಚಾರ್ಜರಿನ ಮೇಲೆ 3,000 ವ್ಯಾಟ್ ಎಂದಿತ್ತು. ಒಂದು ಕುಂಟೆತ್ತಿಗೆ ಆರು ಎತ್ತಿನ ಹೊರೆ ಹೊರಿಸಿದ ಹಾಗೆ! ಚಾರ್ಜರಿನ ವೇಗ ಇಳಿಸದಿದ್ದರೆ ಪೆಟ್ಟಿಗೆ ತಾನೇ ಬಂದ್ ಆಗಿಬಿಡುತ್ತೆ.

ಇದೆಲ್ಲ ಒಳ್ಳೆಯ ಬಿಸಿಲಿನ ಲೆಕ್ಕ. ನಮ್ಮಲ್ಲಿ ರಾಗಿಗೆ ಸಿಂಪಡಿಸುವುದು ಯಾವಾಗ? ಮಳೆಗಾಲದಲ್ಲಿ. ಆಗ ಮೋಡ ದಟ್ಟವಾಗಿದ್ದರೆ ಇದರ ಕಾಲು ಪಾಲು ಬಂದರೆ ಹೆಚ್ಚು.

ಹಾಗಾದರೆ ಸೋಲಾರ್ ಬೇಡವೇ?

ಹಾಗಲ್ಲ. ಯಾವ ಕೆಲಸಕ್ಕೆ ಎಷ್ಟು ಬೇಕು ಅಂತ ತಿಳಿದು ಕೊಳ್ಳಬೇಕು. ಮಗುವಿನ ಅಂಗಿ ಅಪ್ಪನಿಗೆ ಹಿಡಿಯುವುದಿಲ್ಲ. ಹಾಗೆಂದು ಅಂಗಿ ಕೆಟ್ಟದ್ದು ಎನ್ನಲಾಗದು.

ಫೋಟೊ ತೆಗೆಯುವ ಸಣ್ಣ ಡ್ರೋನ್ ತೆಗೆದುಕೊಳ್ಳಿ. ತುಮಕೂರು ಪೇಟೆಯಲ್ಲಿ ಮದುವೆ ಫೋಟೊ ತೆಗೆಯುವವರ ಹತ್ತಿರ ಇರುವಂಥದ್ದು. ಅದರ ಬ್ಯಾಟರಿ 15 ವೋಲ್ಟ್, 4 ಆಂಪಿಯರ್ ಅವರ್ ಇದ್ದರೆ ಲೆಕ್ಕ ಎಷ್ಟು?

15 × 4 = 60

ಬರೀ 60 ವ್ಯಾಟ್ ಅವರ್. ನಮ್ಮ 100 ವ್ಯಾಟ್ ಪ್ಯಾನೆಲ್ ದಿನಕ್ಕೆ 280 ಕೊಟ್ಟರೆ, ಇಂಥ ನಾಲ್ಕು ಬ್ಯಾಟರಿ ತುಂಬುತ್ತೆ. ಬೆಟ್ಟದ ಮೇಲೆ, ಕಾಡಿನ ಅಂಚಿನಲ್ಲಿ, ಕೆರೆ ಏರಿಯ ಮೇಲೆ ಫೋಟೊ ತೆಗೆಯುವವರಿಗೆ, ಅಳತೆ ಮಾಡುವವರಿಗೆ ಇದು ಚೆನ್ನಾಗಿ ಒದಗುತ್ತೆ.

ಸಿಂಪಡಿಸುವ ಡ್ರೋನಿನವರಿಗೂ ಸಣ್ಣ ಪ್ಯಾನೆಲ್ ಉಪಯೋಗವೇ. ಡ್ರೋನ್ ನಡೆಸುವ ರಿಮೋಟ್ ಚಾರ್ಜ್ ಮಾಡಬಹುದು. ಮೊಬೈಲ್ ಚಾರ್ಜ್ ಮಾಡಬಹುದು. ಒಂದು ಮೊಬೈಲಿಗೆ ಸುಮಾರು 20 ವ್ಯಾಟ್ ಅವರ್ ಸಾಕು. ರಿಮೋಟ್ ಸತ್ತರೆ ಬ್ಯಾಟರಿ ಎಷ್ಟಿದ್ದರೂ ಡ್ರೋನ್ ಏಳುವುದಿಲ್ಲ.

ದೊಡ್ಡ ಬ್ಯಾಟರಿಗೂ ಬಿಸಿಲೇ ಬೇಕು ಅಂದರೆ ದೊಡ್ಡ ಪ್ಯಾನೆಲ್ಲುಗಳೇ ಬೇಕು. ಮನೆಯ ತಾರಸಿಯ ಮೇಲೆ ಮೂರು ಕಿಲೋವ್ಯಾಟ್ ಸೋಲಾರ್ ಇದ್ದರೆ ಅದರಿಂದ ದಿನಕ್ಕೆ ಹತ್ತು ಹನ್ನೆರಡು ಯೂನಿಟ್ ಸಿಗಬಹುದು. ಕೆಲವು ಹೊಲಗಳಲ್ಲಿ ಸೋಲಾರ್ ಪಂಪ್‌ಸೆಟ್ ಇದೆ. 2019ರಲ್ಲಿ ಬಂದ ಕುಸುಮ್ ಯೋಜನೆಯಲ್ಲಿ ಹಾಕಿಸಿಕೊಂಡವರೂ ಇದ್ದಾರೆ. ಪಂಪ್ ನಿಂತಿರುವಾಗ ಆ ಕರೆಂಟನ್ನು ಬೇರೆ ಕೆಲಸಕ್ಕೆ ತಿರುಗಿಸುವ ಕಂಟ್ರೋಲರ್ ಕೂಡ ಇದೆ. ಆದರೆ ಅದನ್ನು ಬಲ್ಲವರಿಂದಲೇ ಹಾಕಿಸಬೇಕು. ಪಂಪಿನ ಪ್ಯಾನೆಲ್ಲಿನಿಂದ ನಾವೇ ವೈರ್ ಎಳೆಯಲು ಹೋಗಬಾರದು. ಅಲ್ಲಿ ನೂರಾರು ವೋಲ್ಟ್ ಇರುತ್ತೆ. ಮುಟ್ಟಿದರೆ ಜೀವ ಹೋಗುತ್ತೆ.

ಕೆರೆ, ತೂಬು, ನೀರುಗಂಟಿ

"ಮಧ್ಯೆ ಆ ಪೆಟ್ಟಿಗೆ ಯಾಕೆ? ಪ್ಯಾನೆಲ್ಲಿಂದ ಸೀದಾ ಬ್ಯಾಟರಿಗೇ ವೈರ್ ಕೊಟ್ರೆ ಆಗಲ್ವಾ?" ಅಂತ ಒಬ್ಬ ಹುಡುಗ ಕೇಳಿದ. ದುಡ್ಡು ಉಳಿಸುವ ಯೋಚನೆ ಅವನದು. ಆದರೆ ಇದು ಅಪಾಯದ ಯೋಚನೆ.

ಕುಣಿಗಲ್ ದೊಡ್ಡಕೆರೆಯನ್ನು ನೆನೆಸಿಕೊಳ್ಳಿ. ಮಳೆ ನೀರು ಮೊದಲು ಕೆರೆಗೆ ಬರುತ್ತೆ. ಮಳೆ ಜೋರಾಗಿ ಬರಲಿ, ನಿಧಾನ ಬರಲಿ, ಕೆರೆ ತಡೆದುಕೊಳ್ಳುತ್ತೆ. ಕೆರೆಯಿಂದ ಗದ್ದೆಗೆ ನೀರು ಹೋಗುವುದು ತೂಬಿನ ಮೂಲಕ. ತೂಬು ಎತ್ತಿದಷ್ಟೇ ನೀರು. ಆಮೇಲೆ ನೀರುಗಂಟಿ ಇರುತ್ತಿದ್ದ. ಈ ತಾಕಿಗೆ ಇಷ್ಟು, ಆ ತಾಕಿಗೆ ಅಷ್ಟು ಎಂದು ಸಮನಾಗಿ ಹಂಚುತ್ತಿದ್ದ. ಕೆರೆಯೂ ಇಲ್ಲ, ತೂಬೂ ಇಲ್ಲ, ನೀರುಗಂಟಿಯೂ ಇಲ್ಲ ಅಂದರೆ ಒಂದು ತಾಕು ಕೊಚ್ಚಿ ಹೋಗುತ್ತೆ. ಇನ್ನೊಂದು ಒಣಗುತ್ತೆ.

ಬಿಸಿಲು ಮಳೆ ಇದ್ದ ಹಾಗೆ. ಮೋಡ ಬಂದರೆ ಕುಗ್ಗುತ್ತೆ, ಹೋದರೆ ಹಿಗ್ಗುತ್ತೆ. ಪೆಟ್ಟಿಗೆ ಕೆರೆ ಇದ್ದ ಹಾಗೆ. ಏರಿಳಿತ ತಡೆದುಕೊಂಡು ಕೂಡಿಡುತ್ತೆ. ಡ್ರೋನಿನ ಚಾರ್ಜರ್ ತೂಬೂ ಹೌದು, ನೀರುಗಂಟಿಯೂ ಹೌದು.

ಡ್ರೋನ್ ಬ್ಯಾಟರಿಯ ಒಳಗೆ ಲಿಥಿಯಂ ಎಂಬ ವಸ್ತು ಇರುವ ಕೋಶಗಳಿವೆ. ನಮ್ಮ ಮೊಬೈಲಿನ ಬ್ಯಾಟರಿಯೂ ಇದೇ ಜಾತಿಯದು. 44.4 ವೋಲ್ಟಿನ ಬ್ಯಾಟರಿಯಲ್ಲಿ ಇಂಥ 12 ಕೋಶ ಸಾಲಾಗಿ ಇರುತ್ತವೆ. ಒಂದೊಂದೂ 3.7 ವೋಲ್ಟ್. ಪೂರ್ತಿ ತುಂಬಿದಾಗ 4.2 ವೋಲ್ಟ್. ಅದಕ್ಕಿಂತ ಹೆಚ್ಚು ತುಂಬಿಸಿದರೆ ಕೋಶ ಉಬ್ಬುತ್ತೆ, ಬಿಸಿಯಾಗುತ್ತೆ, ಬೆಂಕಿ ಹತ್ತಬಹುದು. ಚಾರ್ಜರ್ ಹನ್ನೆರಡೂ ಕೋಶವನ್ನು ಅಳೆಯುತ್ತಾ ಸಮನಾಗಿ ತುಂಬುತ್ತೆ. ತುಂಬಿದ ಕೂಡಲೆ ನಿಲ್ಲಿಸುತ್ತೆ. ಬರೀ ಪ್ಯಾನೆಲ್‌ಗೆ ಈ ಕೆಲಸ ಬರುವುದಿಲ್ಲ. ಆದ್ದರಿಂದ ಪ್ಯಾನೆಲ್ ವೈರನ್ನು ಡ್ರೋನ್ ಬ್ಯಾಟರಿಗೆ ಎಂದೂ ನೇರ ಕೊಡಬೇಡಿ.

ಬಯಲಿನಲ್ಲಿ ಚಾರ್ಜ್ ಮಾಡುವಾಗ

ಪ್ಯಾನೆಲ್ ಬಿಸಿಲಿನಲ್ಲಿ ಇರಲಿ. ಪೆಟ್ಟಿಗೆ, ಚಾರ್ಜರ್, ಬ್ಯಾಟರಿ ಮೂರೂ ನೆರಳಿನಲ್ಲಿ ಇರಲಿ. ಇದು ಮೊದಲ ಪಾಠ. ಬಹಳ ಜನ ಎಲ್ಲವನ್ನೂ ಒಂದೇ ಕಡೆ ಬಿಸಿಲಿಗೆ ಇಡುತ್ತಾರೆ. ಅದು ತಪ್ಪು.

ಪ್ಯಾನೆಲ್ ಮೇಲೆ ನೆರಳು ಬೀಳಬಾರದು. ಗುಬ್ಬಿ, ಕುಣಿಗಲ್ ಕಡೆ ಎಲ್ಲಿ ನೋಡಿದರೂ ತೆಂಗಿನ ತೋಟ. ಒಂದು ತೆಂಗಿನ ಗರಿಯ ನೆರಳು ಮೂಲೆಗೆ ಬಿದ್ದರೂ ಕರೆಂಟ್ ಬಹಳ ಇಳಿಯುತ್ತೆ. ಬಿಲ್ಲೆಗಳು ಸಾಲಾಗಿ ಒಂದಕ್ಕೊಂದು ಸೇರಿರುತ್ತವೆ. ಒಂದರಲ್ಲಿ ತಡೆಯಾದರೆ ಆ ಸಾಲಿಗೇ ತಡೆ. ತೋಟದಿಂದ ಆಚೆ, ಬಯಲಿನಲ್ಲಿ ಹಾಸಿ.

ಪ್ಯಾನೆಲ್ಲನ್ನು ಸೂರ್ಯನ ಕಡೆ ಓರೆಯಾಗಿ ನಿಲ್ಲಿಸಿ. ಬೆಳಿಗ್ಗೆ ಪೂರ್ವಕ್ಕೆ, ಮಧ್ಯಾಹ್ನ ಮೇಲಕ್ಕೆ, ಆಮೇಲೆ ಪಶ್ಚಿಮಕ್ಕೆ ತಿರುಗಿಸಿ. ಧೂಳು ಕೂತರೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಗಾಳಿಗೆ ಹಾರದಂತೆ ಕಟ್ಟಿ.

ಈಗ ತಾನೇ ಹಾರಿ ಬಂದ ಬ್ಯಾಟರಿ ಬಿಸಿ ಇರುತ್ತೆ. ತಕ್ಷಣ ಚಾರ್ಜಿಗೆ ಹಾಕಬೇಡಿ. ನೆರಳಿನಲ್ಲಿ ಆರಲು ಬಿಡಿ. ಕೈ ಇಟ್ಟರೆ ಬಿಸಿ ತಾಗದಂತೆ ಆದ ಮೇಲೆ ಹಾಕಿ.

ಉಬ್ಬಿದ ಬ್ಯಾಟರಿ, ಬಿದ್ದು ಪೆಟ್ಟಾದ ಬ್ಯಾಟರಿ, ನೀರು ಹೊಕ್ಕ ಬ್ಯಾಟರಿ ಚಾರ್ಜ್ ಮಾಡಬಾರದು. "ಇನ್ನೊಂದು ಸಲ ನೋಡೋಣ" ಎನ್ನಬಾರದು.

ಹುಲ್ಲಿನ ಬಣವೆಯ ಹತ್ತಿರ, ತೆಂಗಿನ ಸೋಗೆಯ ಗುಡಿಸಲಿನಲ್ಲಿ, ಔಷಧಿ ಡಬ್ಬಗಳ ಪಕ್ಕ ಚಾರ್ಜ್ ಮಾಡಬೇಡಿ. ಬರಿ ನೆಲದ ಮೇಲೆ, ಕಲ್ಲಿನ ಮೇಲೆ ಇಡಿ. ಒಂದು ಬಕೆಟ್ ಮರಳು ಹತ್ತಿರ ಇರಲಿ. ಯಾರಾದರೂ ಒಬ್ಬರು ನೋಡುತ್ತಾ ಕೂತಿರಲಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಹೊಗೆ ಬಂದರೆ ದೂರ ಸರಿಯಿರಿ. ಆ ಹೊಗೆ ವಿಷ. ಉಸಿರಿಗೆ ಎಳೆದುಕೊಳ್ಳಬಾರದು. ಬ್ಯಾಟರಿ ಉಳಿಸಲು ಕೈ ಹಾಕಬೇಡಿ. 112ಕ್ಕೆ ಫೋನ್ ಮಾಡಿ.

ಹತ್ತು ದಿನ ಡ್ರೋನ್ ಹಾರಿಸುವುದಿಲ್ಲ ಅಂದರೆ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಇಡಬೇಡಿ, ಪೂರ್ತಿ ಖಾಲಿಯೂ ಇಡಬೇಡಿ. ಅರ್ಧದಷ್ಟು ಇರಲಿ. ಆಗ ಬಹಳ ದಿನ ಬಾಳುತ್ತೆ.

ಹಾರಿಸುವ ಮುಂಚೆ

ಡ್ರೋನಿಗೂ ಕಾನೂನು ಇದೆ. 2021ರ ಆಗಸ್ಟಿನಲ್ಲಿ ಡ್ರೋನ್ ನಿಯಮಗಳು ಬಂದವು. ಸಿಂಪಡಿಸುವ ಡ್ರೋನಿಗೆ ನೋಂದಣಿ ಸಂಖ್ಯೆ ಬೇಕು. ಹಾರಿಸುವವರಿಗೆ ತರಬೇತಿಯ ಪ್ರಮಾಣಪತ್ರ ಬೇಕು. ಡಿಜಿಟಲ್ ಸ್ಕೈ ಎಂಬ ಸರ್ಕಾರದ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ಎಂದು ಜಾಗ ಗುರುತು ಮಾಡಿದ್ದಾರೆ. ಹಸಿರು ಜಾಗದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಬಹುದು. ಕೆಂಪು ಜಾಗದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸಬಾರದು.

ಗುಬ್ಬಿ ತಾಲ್ಲೂಕಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಇದೆ. 2023ರ ಫೆಬ್ರವರಿ 6ರಂದು ಅದು ಉದ್ಘಾಟನೆ ಆಯಿತು. ಹೆಲಿಕಾಪ್ಟರ್ ಹಾರುವ ಕಡೆ ಡ್ರೋನ್ ಅಡ್ಡ ಬಂದರೆ ಏನಾಗಬಹುದು, ಯೋಚಿಸಿ. ಆದ್ದರಿಂದ ಪ್ರತಿ ಸಲವೂ ನಕ್ಷೆ ನೋಡಿಯೇ ಹಾರಿಸಿ.

ಭಾನುವಾರ ಏನಾಯಿತು?

ಭಾನುವಾರ ಮಾರುವವನು ಬಂದ. ಹಿರಿಯ ಅಕ್ಕ ಸ್ಲೇಟ್ ಹಿಡಿದು ಕೂತಿದ್ದರು. ಮೂರು ಪ್ರಶ್ನೆ ಕೇಳಿದರು.

"ನಮ್ಮ ಬ್ಯಾಟರಿ 968. ನಿನ್ನ ಪ್ಯಾನೆಲ್ ದಿನಕ್ಕೆ ಎಷ್ಟು ಕೊಡ್ತದಪ್ಪಾ?"

"ನಮ್ಮ ಚಾರ್ಜರ್ 3,000. ನಿನ್ನ ಪೆಟ್ಟಿಗೆ 500. ಅದು ಎಳೀತದಾ?"

"ಮೋಡ ಇದ್ದ ದಿನ ಏನು ಮಾಡಾದು?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. "ಅಕ್ಕಾ, ಇದು ಸಣ್ಣ ಡ್ರೋನಿಗೆ ಮಾಡಿರೋದು. ನಿಮ್ಮದು ದೊಡ್ಡದು. ನಾನೂ ಇಷ್ಟು ಲೆಕ್ಕ ಹಾಕಿರ್ಲಿಲ್ಲ." ಅವನ ಮೇಲೆ ಯಾರೂ ರೇಗಲಿಲ್ಲ. ಟೀ ಕುಡಿದು ಹೋದ.

ಸಂಘದವರು ಒಂದು ತೀರ್ಮಾನ ಮಾಡಿದರು. ಐದೂ ಸೆಟ್ ಬ್ಯಾಟರಿಯನ್ನು ಹಿಂದಿನ ದಿನ ಸಂಜೆ ಮನೆಯಲ್ಲೇ, ಎದ್ದಿರುವಾಗಲೇ, ನೋಡಿಕೊಂಡು ಚಾರ್ಜ್ ಮಾಡುವುದು. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಐದಾರು ಎಕರೆ ಮುಗಿಸುವುದು. ಹೆಚ್ಚು ಕೆಲಸ ಬಂದ ದಿನ ಮಾತ್ರ ಜನರೇಟರ್ ಬಾಡಿಗೆಗೆ ತರುವುದು. ಅದರ ಬಾಡಿಗೆ, ಪೆಟ್ರೋಲ್ ಖರ್ಚನ್ನು ಎಕರೆಯ ದರದಲ್ಲಿ ಮೊದಲೇ ಸೇರಿಸಿ ಹೇಳುವುದು. ರಿಮೋಟಿಗೆ, ಮೊಬೈಲಿಗೆ ಒಂದು ಸಣ್ಣ ಪ್ಯಾನೆಲ್ ಕೊಳ್ಳುವುದು. ಸಾಲ ತೀರಿದ ಮೇಲೆ ತಾರಸಿಯ ಸೋಲಾರ್ ಬಗ್ಗೆ ಯೋಚಿಸುವುದು.

ಹಿರಿಯ ಅಕ್ಕ ಆ ವಾರವೂ ಸಹಿ ಹಾಕಿದರು. ಎಲ್ಲಿ ಗೊತ್ತೇ? ಬ್ಯಾಂಕಿನ ಚಲನ್ನಿನಲ್ಲಿ. ಸಂಘದ ದುಡ್ಡು ಸಂಘದ ಖಾತೆಯಲ್ಲೇ ಉಳಿಯಿತು.

ನೆನಪಿಡಿ

ವೋಲ್ಟನ್ನು ಆಂಪಿಯರ್ ಅವರಿನಿಂದ ಗುಣಿಸಿದರೆ ವ್ಯಾಟ್ ಅವರ್ ಸಿಗುತ್ತೆ.
1,000 ವ್ಯಾಟ್ ಅವರ್ ಅಂದರೆ 1 ಯೂನಿಟ್.
100 ವ್ಯಾಟ್ ಪ್ಯಾನೆಲ್ಲಿನಿಂದ ಒಳ್ಳೆಯ ಬಿಸಿಲಿನ ದಿನ ಬ್ಯಾಟರಿಗೆ ಸೇರುವುದು ಸುಮಾರು 280 ವ್ಯಾಟ್ ಅವರ್.
ಪ್ಯಾನೆಲ್ ಬಿಸಿಲಿಗೆ, ಬ್ಯಾಟರಿ ನೆರಳಿಗೆ.
ಮೊದಲು ಓದಿ, ಆಮೇಲೆ ಲೆಕ್ಕ ಹಾಕಿ, ಕೊನೆಗೆ ಸಹಿ ಹಾಕಿ.

ನೀವೇ ಮಾಡಿ ನೋಡಿ

1. ನಿಮ್ಮ ಮನೆಯ ಹಿಂದಿನ ತಿಂಗಳ ಕರೆಂಟ್ ಬಿಲ್ ತೆಗೆಯಿರಿ. ಎಷ್ಟು ಯೂನಿಟ್ ಎಂದು ಓದಿ. ಅಷ್ಟು ಯೂನಿಟ್ಟಿನಲ್ಲಿ ಸಿಂಪಡಿಸುವ ಡ್ರೋನಿನ ಎಷ್ಟು ಬ್ಯಾಟರಿ ತುಂಬಬಹುದು?

2. ಒಂದು ಬ್ಯಾಟರಿಯ ಮೇಲೆ 22 ವೋಲ್ಟ್, 10,000 ಮಿಲಿ ಆಂಪಿಯರ್ ಅವರ್ ಎಂದಿದೆ. ಅದು ಎಷ್ಟು ವ್ಯಾಟ್ ಅವರ್? 100 ವ್ಯಾಟಿನ ಒಂದು ಪ್ಯಾನೆಲ್ಲಿನಿಂದ ಅದು ಒಂದೇ ದಿನದಲ್ಲಿ ತುಂಬುತ್ತದೆಯೇ?

3. ನಿಮ್ಮ ಊರಿನಲ್ಲಿ ಸಂಘದ ದುಡ್ಡಿನಿಂದ ಹೋದ ವರ್ಷ ಏನು ಕೊಂಡಿರಿ? ಕೊಳ್ಳುವ ಮುಂಚೆ ಅದರ ಮೇಲಿನ ಚೀಟಿ ಯಾರು ಓದಿದರು? ಸಂಜೆ ಕಲಿಕಾ ಕೇಂದ್ರದಲ್ಲಿ ಕೂತು ಮಾತಾಡಿ.